ಆಟಿಸಂ ಮಗುವಿಗೆ ಯಂತ್ರ ಗುರುವಾದೀತೇ?

ಕೆಮ್ಮು, ಜ್ವರವೆಂದು ತಾಯಿಯೊಬ್ಬರು ಐದು ವರ್ಷದ ಮಗನನ್ನು ನನ್ನಲ್ಲಿಗೆ ಕರೆತಂದಿದ್ದರು. ಹೆಸರು ಹಿಡಿದು ಕರೆದರೂ ಹುಡುಗ ತಿರುಗಲಿಲ್ಲ. ಕಣ್ಣು ಕೈಯಲ್ಲಿದ್ದ ಮೊಬೈಲಿನ ಮೇಲೇ ಇತ್ತು. “ಇವನಿಗೆ ಆಟಿಸಂ ಅಂತ ಮೈಸೂರಲ್ಲಿ ಹೇಳಿದ್ದಾರೆ ಡಾಕ್ಟ್ರೇ. ಜನರ ಜೊತೆ ಬೆರೆಯೋದನ್ನ ಕಲಿಸೋ ಆ್ಯಪ್ ಇದೆಯಂತೆ. ಹಾಕಿಕೊಟ್ಟರೆ ಸರಿಹೋಗ್ತಾನಾ?” ಎಂದು ಆಕೆ ಕೇಳಿದರು.

ಆಟಿಸಂ ಅಥವಾ ಸ್ವಲೀನತೆ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. 1943ರಲ್ಲಿ ಅಮೆರಿಕದ ಡಾ. ಲಿಯೋ ಕ್ಯಾನರ್ ಇದನ್ನು ವಿವರವಾಗಿ ದಾಖಲಿಸಿದರು. ಇದು ತಾಯಿಯ ಲಾಲನೆಯ ದೋಷವಲ್ಲ, ಗ್ರಹಚಾರವೂ ಅಲ್ಲ. ಕಣ್ಣಿಗೆ ಕಣ್ಣು ಕೊಡದಿರುವುದು, ಬೇಕಾದದ್ದನ್ನು ಬೆರಳು ತೋರಿಸಿ ಕೇಳದಿರುವುದು, ಮಾತು ತಡವಾಗುವುದು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು ಇದರ ಮುಖ್ಯ ಲಕ್ಷಣಗಳು.

ಯಂತ್ರ ಏಕೆ ಹಿಡಿಸುತ್ತದೆ?

ಮನುಷ್ಯರ ಮುಖಭಾವ, ದನಿ ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಇಂಥ ಅನೇಕ ಮಕ್ಕಳಿಗೆ ಅದು ಗೊಂದಲ. ಯಂತ್ರವಾದರೋ ನೂರು ಸಲ ಒತ್ತಿದರೂ ಅದೇ ಉತ್ತರ ಕೊಡುತ್ತದೆ, ಸಿಡಿಮಿಡಿಗೊಳ್ಳುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6ರಿಂದ 12 ವರ್ಷದ 12 ಮಕ್ಕಳು ಮನೆಯಲ್ಲೇ ಒಂದು ತಿಂಗಳ ಕಾಲ ದಿನಕ್ಕೆ 30 ನಿಮಿಷ ಪುಟ್ಟ ರೋಬೋಟಿನೊಂದಿಗೆ ಆಡಿದರು. ರೋಬೋಟ್ ಎದುರಿಗಿಲ್ಲದಾಗಲೂ ದೊಡ್ಡವರೊಂದಿಗೆ ಗಮನ ಹಂಚಿಕೊಳ್ಳುವುದು ಸುಧಾರಿಸಿತು. ಅಧ್ಯಯನ ಚಿಕ್ಕದು, ನಿಜ. ಆದರೆ ಒಂದು ಮಾತು ಗಮನಿಸಿ: ಆ ಆಟದಲ್ಲಿ ಮಗು, ರೋಬೋಟ್ ಇಬ್ಬರೇ ಇರಲಿಲ್ಲ, ಮನೆಯ ಹಿರಿಯರೊಬ್ಬರೂ ದಿನವೂ ಜೊತೆಗೆ ಕುಳಿತಿದ್ದರು. ಗುಟ್ಟು ಇರುವುದು ಅಲ್ಲಿ.

ಮನೆಯಲ್ಲಿ ಏನು ಮಾಡಬಹುದು?

ದುಬಾರಿ ರೋಬೋಟ್ ಬೇಕಿಲ್ಲ. ಮನೆಗೆ ಬಂದ ಅಜ್ಜನಿಗೆ ಅಕ್ಕ ಕಾಲು ಮುಟ್ಟಿ ನಮಸ್ಕರಿಸುವುದನ್ನು ಒಂದು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿ. ಮಗುವಿನ ಪಕ್ಕ ಕುಳಿತು ನಾಲ್ಕಾರು ಸಲ ತೋರಿಸಿ. ಬಳಿಕ ಮೊಬೈಲ್ ಬದಿಗಿಟ್ಟು ಅದನ್ನೇ ಮಾಡಿಸಿ. ನೋಡಿ ಕಲಿಸುವ ಈ ವಿಧಾನಕ್ಕೆ ಸಂಶೋಧನೆಯ ಬೆಂಬಲವಿದೆ. ತೋಟದ ನಡುವಿನ ಒಂಟಿ ಮನೆಯಲ್ಲಿ, ಮಳೆಗೆ ನೆಟ್‌ವರ್ಕ್ ಹೋದಾಗಲೂ ಇದು ನಡೆಯುತ್ತದೆ.

ಆ್ಯಪಿನ ಆಟವಾದರೆ “ಈಗ ನಿನ್ನ ಸರದಿ, ಈಗ ನನ್ನ ಸರದಿ” ಎಂದು ಜೊತೆಗೆ ಆಡಿ. ಆಮೇಲೆ ಅದೇ ಸರದಿಯನ್ನು ಚೆಂಡಿನಲ್ಲಿ ಆಡಿಸಿ.

ಮಾತು ಬಾರದ ಮಕ್ಕಳಿಗೆ ಚಿತ್ರ ಮುಟ್ಟಿದರೆ ಪದ ನುಡಿಯುವ ಆ್ಯಪ್‌ಗಳಿವೆ. ಚೆನ್ನೈನಲ್ಲಿ ರೂಪುಗೊಂಡ ‘ಆವಾಜ್’ ಅಂಥದ್ದು. ಇದರಿಂದ ಮಾತು ಕಲಿಯಲು ಸೋಮಾರಿಯಾದೀತೆಂಬ ಭಯ ಬೇಡ. ಅಧ್ಯಯನಗಳಲ್ಲಿ ಅಂಥ ಹಾನಿ ಕಂಡಿಲ್ಲ. ಯಾವುದು ಸೂಕ್ತವೆಂದು ವಾಕ್ ಚಿಕಿತ್ಸಕರನ್ನು ಕೇಳಿ.

ಎಚ್ಚರಿಕೆ

ಮಗು ಸುಮ್ಮನಿರಲೆಂದು ಕೊಡುವ ಮೊಬೈಲ್ ಚಿಕಿತ್ಸೆಯಲ್ಲ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಲಕ್ಷಣ ಕಂಡರೆ “ಗಂಡು ಮಕ್ಕಳಿಗೆ ಮಾತು ತಡ” ಎಂದು ಕಾಯಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ತಪಾಸಣೆ, ತರಬೇತಿ ದೊರೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ.

ಆ ತಾಯಿಗೆ ನಾನು ಹೇಳಿದ್ದಿಷ್ಟೇ: “ಹಾಕಿಕೊಡಿ ತಾಯಿ. ಆದರೆ ಕೊಟ್ಟು ಅಡುಗೆಮನೆಗೆ ಹೋಗಬೇಡಿ. ಪಕ್ಕದಲ್ಲೇ ಕೂತ್ಕೊಳ್ಳಿ.”