ಎನ್‌ಫೀಲ್ಡ್ ತೋಟಾ ಮತ್ತು ಕಾಶಿಯ ದಂಗೆ

1857ರ ಜೂನ್ 4ರಂದು ವಾರಾಣಸಿಯ ದಂಡುಪ್ರದೇಶದಲ್ಲಿ 37ನೇ ಬಂಗಾಳ ದೇಶೀ ಪದಾತಿದಳ ತಿರುಗಿಬಿದ್ದದ್ದು, ಹೊಸ ಎನ್‌ಫೀಲ್ಡ್ ಬಂದೂಕಿನ ಕೊಬ್ಬು ಸವರಿದ ತೋಟಾಗಳನ್ನು ಸಿಪಾಯಿಗಳ ಕೈಗಿತ್ತು ಕಚ್ಚಲು ಹೇಳಿದ್ದರಿಂದ ಎಂಬ ನಂಬಿಕೆ ಬೇರೂರಿದೆ. ವಾಸ್ತವದಲ್ಲಿ ಅಂದಿನ ಕವಾಯತಿನಲ್ಲಿ ಹೊಸ ತೋಟಾದ ಮಾತೇ ಇರಲಿಲ್ಲ. ಆಜಂಗಢದ 17ನೇ ದಳ ದಂಗೆಯೆದ್ದ ಸುದ್ದಿ ತಲುಪಿದೊಡನೆ 37ನೇ ದಳದ ಆಯುಧಗಳನ್ನು ಕಸಿದುಕೊಳ್ಳಲು ಬ್ರಿಗೇಡಿಯರ್ ಪಾನ್ಸನ್‌ಬಿ ಆಜ್ಞಾಪಿಸಿದನು. ಕೋವಿಗಳನ್ನು ಆಯುಧಕೋಣೆಗೆ ಒಪ್ಪಿಸುತ್ತಿದ್ದ ಸಿಪಾಯಿಗಳು, ಫಿರಂಗಿಗಳೊಡನೆ ಬರುತ್ತಿದ್ದ ಐರೋಪ್ಯ ತುಕಡಿಯನ್ನು ಕಂಡು, ಇದು ಬರಿಗೈ ಮಾಡಿ ಕೊಲ್ಲುವ ಸಂಚೆಂದು ಬಗೆದು ಗುಂಡು ಹಾರಿಸಿದರು. ಆಗಿನ ಗೊಂದಲದಲ್ಲಿ ಲೂಧಿಯಾನದ ಸಿಖ್ ದಳವೂ ಫಿರಂಗಿಗೆ ಗುರಿಯಾಯಿತು.

ಎನ್‌ಫೀಲ್ಡ್ ಬಂದೂಕು ಆಗಲೇ ಎಲ್ಲ ಸಿಪಾಯಿಗಳ ಹೆಗಲೇರಿತ್ತೆಂಬುದೂ ತಪ್ಪು. ದೇಶೀ ದಳಗಳಿಗೆ ಅದರ ತರಬೇತಿ ದಂಡಂ, ಅಂಬಾಲಾ, ಸಿಯಾಲ್‌ಕೋಟ್ ಕೇಂದ್ರಗಳಲ್ಲಿ ಆಗಷ್ಟೇ ತೊಡಗಿತ್ತು.

ತೋಟಾ ಎಂದೊಡನೆ ಇಂದಿನವರ ಕಣ್ಣಿಗೆ ಕಟ್ಟುವುದು ಹಿತ್ತಾಳೆಯ ಕೋಶ. ಹಾರಿಸಿದ ಮೇಲೆ ಅಚ್ಚಿನಲ್ಲಿ ಒತ್ತಿ, ಅಳತೆ ಸರಿಪಡಿಸಿ, ಮರಳಿ ತುಂಬಬಹುದಾದದ್ದು ಅದು. ಎನ್‌ಫೀಲ್ಡಿನದು ಒಮ್ಮೆ ಬಳಸಿ ಮುಗಿಯುವ ಕಾಗದದ ಕೊಳವೆಯಾಗಿದ್ದು, ಅದರ ಒಂದು ತುದಿಯಲ್ಲಿ ಮದ್ದು, ಇನ್ನೊಂದರಲ್ಲಿ ಸೀಸದ ಗುಂಡು ಇರುತ್ತಿತ್ತು. ನಳಿಕೆಯ ಒಳವ್ಯಾಸ 0.577 ಅಂಗುಲ, ಗುಂಡಿನದು 0.568, ಉಳಿದ ಸಂದನ್ನು ಗುಂಡಿಗೆ ಸುತ್ತಿದ ಕಾಗದವೇ ತುಂಬಬೇಕಾಗಿತ್ತು. ಗುಂಡು ಬಾಯಿಯ ಕಡೆಯಿಂದ ಸಲೀಸಾಗಿ ಇಳಿಯುವುದಕ್ಕೂ, ಸುಟ್ಟ ಮದ್ದಿನ ಕಿಟ್ಟ ಒಳಗೆ ಗಟ್ಟಿಯಾಗದಿರುವುದಕ್ಕೂ ಆ ಕಾಗದಕ್ಕೆ ಜಿಡ್ಡು ಬೇಕಿತ್ತು. ಗಮನಿಸಬೇಕಾದದ್ದೆಂದರೆ, ಜಿಡ್ಡು ಸವರುತ್ತಿದ್ದುದು ಗುಂಡಿನ ತುದಿಗೆ, ಹಲ್ಲಿನಿಂದ ಹರಿಯುತ್ತಿದ್ದುದು ಮದ್ದಿನ ತುದಿಯನ್ನು. ಆದರೂ ಜಿಡ್ಡನ್ನು ಕೈಯಿಂದ ಮುಟ್ಟದೆ ಕೋವಿ ತುಂಬುವುದು ಸಾಧ್ಯವಿರಲಿಲ್ಲ. ಶುದ್ಧಾಚಾರದ ದೃಷ್ಟಿಯಲ್ಲಿ ಮೈಲಿಗೆಯಾಗಲು ಅಷ್ಟೇ ಸಾಕು.

ಹಾಗಾದರೆ ತೋಟಾದಿಂದ ಧರ್ಮ ಕೆಡುತ್ತದೆಂಬ ಸಿಪಾಯಿಗಳ ಭಯ ಬರಿಯ ಮೂಢನಂಬಿಕೆಯೇ? ವಸಾಹತು ಬರಹಗಾರರಲ್ಲಿ ಹಲವರು ಹಾಗೆಂದು ತಳ್ಳಿಹಾಕಿದರು; ಈ ವಾದ ಮೊದಲಿನ ನಂಬಿಕೆಗಿಂತ ಹೆಚ್ಚು ದಾರಿತಪ್ಪಿಸುವಂಥದು. ಜಿಡ್ಡಿನಲ್ಲಿ ಜೇನುಮೇಣದೊಡನೆ ಪ್ರಾಣಿಗಳ ಕೊಬ್ಬು ಸೇರುತ್ತಿತ್ತು, ಅದು ಯಾವ ಪ್ರಾಣಿಯದೆಂದು ಯಾರೂ ವಿಚಾರಿಸಿರಲಿಲ್ಲ, ದನದ್ದಿರಬಹುದೆಂಬುದನ್ನು ಶಸ್ತ್ರಾಗಾರದ ಅಧಿಕಾರಿಗಳೂ ಅಲ್ಲಗಳೆಯಲಿಲ್ಲ. ದಂಡಂನಲ್ಲಿ ದೂರು ಕೇಳಿಬಂದ ಮೇಲೆ, 1857ರ ಜನವರಿಯ ಕೊನೆಯಲ್ಲಿ, ಜಿಡ್ಡಿಲ್ಲದ ತೋಟಾ ಕೊಟ್ಟು ಸಿಪಾಯಿಗಳೇ ತಮಗೊಪ್ಪುವುದನ್ನು ಸವರಿಕೊಳ್ಳಲಿ ಎಂದು ಸರಕಾರ ಹೇಳಿತು. ಮುಂದೆ ಹಲ್ಲಿನ ಬದಲು ಕೈಯಿಂದ ಹರಿಯಲೂ ಅನುಮತಿಯಾಯಿತು. ಈ ರಿಯಾಯಿತಿಗಳೇ ತಪ್ಪೊಪ್ಪಿಗೆಯಂತೆ ಕಂಡವು.

ಸಂಶಯವು ಅಷ್ಟರಲ್ಲಿ ಜಿಡ್ಡಿನಿಂದ ಕಾಗದಕ್ಕೆ ಹಬ್ಬಿತ್ತು. ಫೆಬ್ರವರಿಯಲ್ಲಿ ಬಹರಾಂಪುರದ 19ನೇ ದಳ ಶಂಕಿಸಿದ್ದು ಹಳೆಯ ಕೋವಿಯ ತೋಟಾಗಳನ್ನೇ. ಏಪ್ರಿಲ್ 24ರಂದು ಮೀರತ್‌ನಲ್ಲಿ 3ನೇ ಅಶ್ವದಳದ 90 ಸವಾರರಲ್ಲಿ 85 ಮಂದಿ ನಿರಾಕರಿಸಿದ ತೋಟಾಗಳೂ ಹಳೆಯ ಮಾದರಿಯವೇ ಆಗಿದ್ದು, ಅವುಗಳಿಗೆ ಹೊಸ ಜಿಡ್ಡನ್ನು ಸವರಿರಲಿಲ್ಲ.