ಕಣ್ಣಿಗೆ ಕಟ್ಟಿದ ದೃಶ್ಯಕ್ಕೆ ಟೆಟ್ರಿಸ್ ತಡೆ

ಅಪಘಾತವಾಗಿ ಆರು ತಾಸೂ ಕಳೆದಿಲ್ಲ. ಗಾಯಾಳುವಿನ ಕೈಗೆ ವಿಡಿಯೊ ಗೇಮ್ ಕೊಟ್ಟರೆ ಮನೆಯವರು ಏನೆಂದಾರು? ಆಕ್ಸ್‌ಫರ್ಡ್‌ನ ಜಾನ್ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮನೋವಿಜ್ಞಾನಿ ಎಮಿಲಿ ಹೋಮ್ಸ್ ಅವರ ತಂಡ ಮಾಡಿದ್ದು ಇದನ್ನೇ. ವಾಹನ ಅಪಘಾತಕ್ಕೆ ಸಿಕ್ಕ 71 ಮಂದಿಯಲ್ಲಿ ಒಂದು ಗುಂಪಿಗೆ ಆ ಭೀಕರ ಗಳಿಗೆಯನ್ನು ಒಮ್ಮೆ ನೆನೆಸಿಕೊಳ್ಳಲು ಹೇಳಿ, ಬಳಿಕ ಸುಮಾರು 20 ನಿಮಿಷ ಟೆಟ್ರಿಸ್ ಆಡಿಸಿದರು. ಉಳಿದವರು ಆಸ್ಪತ್ರೆಗೆ ಬಂದಾಗಿನಿಂದ ಏನೇನು ಮಾಡಿದೆವೆಂದು ಬರೆದಿಟ್ಟರು. ಮುಂದಿನ ಒಂದು ವಾರ, ಬೇಡವೆಂದರೂ ನುಗ್ಗಿಬರುವ ಅಪಘಾತದ ದೃಶ್ಯಗಳು ಆಟವಾಡಿದವರಲ್ಲಿ ಶೇ 62ರಷ್ಟು ಕಡಿಮೆ ಇದ್ದವು. ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು.

ಟೆಟ್ರಿಸ್ 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ ರೂಪಿಸಿದ ಆಟ. ಮೇಲಿನಿಂದ ಇಳಿಯುವ ತುಂಡುಗಳನ್ನು ತಿರುಗಿಸಿ ಸಂದಿಯಲ್ಲಿ ಕೂರಿಸಬೇಕು. ನಮ್ಮ ಜಾತ್ರೆಗಳಲ್ಲಿ ಬಿಕರಿಯಾಗುತ್ತಿದ್ದ ಕೈಗೇಮುಗಳಲ್ಲಿ ಇದರದೇ ನಕಲು ಇರುತ್ತಿತ್ತು.

ಇದರಲ್ಲಿ ಔಷಧವೆಲ್ಲಿಂದ ಬಂತು? ಹೇಳಿದ ಫೋನ್ ನಂಬರನ್ನು ಒತ್ತಿ ಮುಗಿಸುವವರೆಗೆ ಹಿಡಿದಿಡುವ ಶಕ್ತಿಗೆ ಕಾರ್ಯಸ್ಮೃತಿ ಎನ್ನುತ್ತಾರೆ. ಇದರಲ್ಲಿ ಮಾತಿಗೊಂದು, ನೋಟಕ್ಕೊಂದು ಪ್ರತ್ಯೇಕ ಜಾಗವಿದೆ ಎಂದು 1974ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಪ್ರತಿಪಾದಿಸಿದ್ದರು. ಎರಡೂ ಇಕ್ಕಟ್ಟಾದ ಜಾಗಗಳೇ. ಆಘಾತದ ನೆನಪು ಹೆಚ್ಚಾಗಿ ಕಾಡುವುದು ಚಿತ್ರವಾಗಿ. ಆ ಚಿತ್ರ ಮನಸ್ಸಿನಲ್ಲಿ ಗಟ್ಟಿಯಾಗುವ ಹೊತ್ತಿನಲ್ಲೇ ನೋಟದ ಜಾಗವನ್ನು ಬೇರೆ ಕೆಲಸ ಆಕ್ರಮಿಸಿಬಿಟ್ಟರೆ ಅದು ದುರ್ಬಲವಾಗುತ್ತದೆ ಎಂಬುದು ಹೋಮ್ಸ್ ತರ್ಕ.

ಮನಸ್ಸು ಬೇರೆಡೆ ಹರಿದರೆ ಸಾಕಲ್ಲವೇ, ಆಟವೇ ಏಕೆ ಎನ್ನಬಹುದು. 2010ರಲ್ಲಿ ಅವರು ಅದನ್ನೂ ಪರೀಕ್ಷಿಸಿದರು. ಸ್ವಯಂಸೇವಕರಿಗೆ ಘೋರ ದೃಶ್ಯಗಳ ಚಿತ್ರ ತೋರಿಸಿ, ಅರ್ಧ ಗಂಟೆಯ ನಂತರ ಕೆಲವರಿಗೆ ಟೆಟ್ರಿಸ್, ಕೆಲವರಿಗೆ ಪ್ರಶ್ನೋತ್ತರದ ಕ್ವಿಜ್ ಕೊಟ್ಟರು. ಏನೂ ಮಾಡದೆ ಸುಮ್ಮನೆ ಕುಳಿತವರಿಗಿಂತಲೂ ಕ್ವಿಜ್ ಆಡಿದವರಿಗೇ ದೃಶ್ಯಗಳು ಹೆಚ್ಚು ಕಾಡಿದವು! ನನಗಂತೂ ಇಡೀ ಸಂಶೋಧನೆಯಲ್ಲಿ ಹೆಚ್ಚು ರುಚಿಸಿದ್ದು ಈ ಫಲಿತಾಂಶ. ‘ಏನಾದರೂ ಮಾಡುತ್ತಿರು, ಮರೆತುಹೋಗುತ್ತದೆ’ ಎಂಬ ನಮ್ಮೆಲ್ಲರ ಉಪದೇಶವನ್ನು ಅದು ಅಲ್ಲಾಡಿಸುತ್ತದೆ.

ಹಾಗೆಂದು ನೊಂದವರ ಕೈಗೆ ಮೊಬೈಲ್ ತುರುಕಿ ಸುಮ್ಮನಾಗುವಂತಿಲ್ಲ. ಚಿತ್ರ ನೋಡಿ ಒಂದು ದಿನ ಕಳೆದವರಲ್ಲಿ ಬರೀ ಆಟವೂ ನಾಟಲಿಲ್ಲ, ಬರೀ ನೆನೆಯುವುದೂ ನಾಟಲಿಲ್ಲ ಎಂದು 2015ರ ಪ್ರಯೋಗ ತೋರಿಸಿತು. ನೆನಪನ್ನು ಕೆದಕಿ, ಆಮೇಲೆ ಆಡಿದಾಗ ಮಾತ್ರ ಫಲ ಸಿಕ್ಕಿತು. ನೆನಪನ್ನು ಕೆದಕುವುದು ತಜ್ಞರ ಕಣ್ಗಾವಲಿನಲ್ಲಿ ಆಗಬೇಕಾದ ಕೆಲಸ. ಘಟನೆಯೇನೂ ಅಳಿಸಿಹೋಗುವುದಿಲ್ಲ. ಕೇಳಿದರೆ ವಿವರವಾಗಿ ಹೇಳಬಲ್ಲರು; ಕರೆಯದೆ ಬರುವುದಷ್ಟೇ ತಗ್ಗುತ್ತದೆ. ಸ್ವೀಡನ್‌ಗೆ ಹೋದ ಹೋಮ್ಸ್ ಈಗ ಹಳೆಯ ಆಘಾತಗಳಿಗೂ ಇದೇ ವಿಧಾನ ಒಗ್ಗುತ್ತದೆಯೇ ಎಂದು ನೋಡುತ್ತಿದ್ದಾರೆ.