ಬಾಗಿಲಲ್ಲಿ ಬೀಪ್ ಎಂದಾಗ

ಜರಗನಹಳ್ಳಿಯ ನಮ್ಮ ಬೀದಿಯ ಒಬ್ಬ ಖಾಲಾ ಕಳೆದ ವರ್ಷ ಒಂದು ಸಂಜೆ ಮನೆಗೆ ಬಂದರು. "ಹಜ್ರತ್, ವಿಧಾನಸೌಧಕ್ಕೆ ಹೋಗಬೇಕಂತೆ. ಅಲ್ಲಿ ಎಲ್ಲರ ಮುಂದೆ ನನ್ನ ನಖಾಬ್ ತೆಗೆಸ್ತಾರಾ?" ಎಂದು ಕೇಳಿದರು. ಮಗನ ಆಪರೇಶನ್ ಖರ್ಚಿಗಾಗಿ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಕೊಡಬೇಕಿತ್ತು. ಆಸ್ಪತ್ರೆಯ ಅಂದಾಜು ಪಟ್ಟಿ, ರೇಶನ್ ಕಾರ್ಡು, ಆಧಾರ್ ಎಲ್ಲವೂ ಸಿದ್ಧವಾಗಿದ್ದವು. ಆಕೆಯ ಹೆದರಿಕೆಯೆಲ್ಲ ಬಾಗಿಲಿನದೇ ಆಗಿತ್ತು.

ಅದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ವಿಧವಾ ವೇತನದ ಕೆಲಸಕ್ಕೆ ನಗರದ ಒಂದು ಸರಕಾರಿ ಕಚೇರಿಗೆ ಅವರನ್ನು ನಾನೇ ಕರೆದೊಯ್ದಿದ್ದೆ. ಬಾಗಿಲ ಚೌಕಟ್ಟು ಬೀಪ್ ಎಂದಿತು. ಕಾವಲಿನಲ್ಲಿದ್ದಾತ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ವೀಳ್ಯದೆಲೆ, ಸುಣ್ಣದ ಡಬ್ಬಿ, ಅಡಕತ್ತರಿ, ಮಾತ್ರೆಗಳು, ಕಾಗದಗಳು ಎಲ್ಲವೂ ಹೊರಬಂದವು. ಅಡಕತ್ತರಿಯನ್ನು ಎತ್ತಿ ಹಿಡಿದು, "ಇದೇನು, ಯಾರನ್ನು ಕತ್ತರಿಸಲು ತಂದೆ?" ಎಂದು ಏಕವಚನದಲ್ಲಿ ಕೇಳಿದ. ಸಾಲಿನಲ್ಲಿದ್ದವರು ನಕ್ಕರು. ನಂತರ, "ಮುಖ ತೋರಿಸು" ಎಂದ. ಅಲ್ಲಿ ಮಹಿಳಾ ಸಿಬ್ಬಂದಿ ಯಾರೂ ಇರಲಿಲ್ಲ. ಖಾಲಾ ಕಾಗದಗಳನ್ನು ಬಾಚಿಕೊಂಡು ಹೊರಗೆ ನಡೆದರು. ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಆ ವೇತನ ಅವರಿಗೆ ಹನ್ನೊಂದು ತಿಂಗಳು ತಡವಾಗಿ ಸಿಕ್ಕಿತು. ನಾನೂ ಅಂದು ಬಾಯಿ ಬಿಡದೆ ನಿಂತಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಗಡ್ಡ, ಟೋಪಿ ಇರುವವನು ತಪಾಸಣೆಯ ಜಾಗದಲ್ಲಿ ದನಿಯೆತ್ತಿದರೆ ಅದು ಬೇರೆಯೇ ಅರ್ಥ ಪಡೆಯುತ್ತದೆಂಬ ಅಳುಕು.

ತಪಾಸಣೆಯೇ ಬೇಡವೆಂದು ಯಾರೂ ಹೇಳಲಾರರು. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿ ನಡೆದ ಮೇಲೆ ದೇಶದ ಎಲ್ಲ ಪ್ರಮುಖ ಕಟ್ಟಡಗಳ ಬಾಗಿಲುಗಳೂ ಬಿಗಿಯಾದವು. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿ, ಕೆಂಗಲ್ ಹನುಮಂತಯ್ಯನವರ ಆಸ್ಥೆಯಿಂದ 1956ರಲ್ಲಿ ಪೂರ್ಣಗೊಂಡ ನಮ್ಮ ವಿಧಾನಸೌಧದ ಮೆಟ್ಟಿಲ ಮೇಲೆ ಹಿಂದೆ ಸಂಜೆ ಹೊತ್ತು ಸುಮ್ಮನೆ ಕುಳಿತು ಬರುತ್ತಿದ್ದೆವು ಎಂದು ಹಿರಿಯರು ಹೇಳುತ್ತಾರೆ. ಈಗ ಸುತ್ತ ಕಬ್ಬಿಣದ ಬೇಲಿಯಿದೆ, ಗೇಟಿನಲ್ಲಿ ಪಾಸು ಬೇಕು.

ಆದರೆ ಒಂದು ಮಾತು ಗಮನಿಸಿ. 2001ರ ದಾಳಿಕೋರರು ಬಂದದ್ದು ಗೃಹ ಸಚಿವಾಲಯದ ಸ್ಟಿಕ್ಕರ್ ಅಂಟಿಸಿದ್ದ ಕಾರಿನಲ್ಲಿ. ಸರಿಯಾಗಿ 22 ವರ್ಷಗಳ ನಂತರ, 2023ರ ಡಿಸೆಂಬರ್ 13ರಂದು, ಲೋಕಸಭೆಯ ಗ್ಯಾಲರಿಯಿಂದ ಇಬ್ಬರು ಯುವಕರು ಕೆಳಗೆ ಜಿಗಿದು ಬಣ್ಣದ ಹೊಗೆ ಹಾರಿಸಿದರು. ಹೊಗೆಡಬ್ಬಿಗಳನ್ನು ಬೂಟಿನಲ್ಲಿ ಅಡಗಿಸಿದ್ದರು. ಅವರ ಕೈಯಲ್ಲಿದ್ದದ್ದು ಅಂದಿನ ಮೈಸೂರು ಸಂಸದರ ಶಿಫಾರಸಿನ ಪಾಸು. ಅದೇ ವರ್ಷ ಜುಲೈ 7ರಂದು, ಬಜೆಟ್ ದಿನ, ನಮ್ಮ ವಿಧಾನಸಭೆಯ ಒಳಗೇ ಒಬ್ಬ ಹಿರಿಯ ವ್ಯಕ್ತಿ ಶಾಸಕಿಯೊಬ್ಬರ ಆಸನದಲ್ಲಿ ಹೋಗಿ ಕುಳಿತುಬಿಟ್ಟಿದ್ದರು. ಇನ್ನೊಬ್ಬ ಶಾಸಕರು ಗುರುತಿಸಿ ಹೇಳಿದ ಮೇಲಷ್ಟೇ ವಿಷಯ ಬಯಲಾಯಿತು. ಸ್ಟಿಕ್ಕರ್, ಶಿಫಾರಸು, ಬಿಳಿ ಅಂಗಿಯ ಗತ್ತು ಇದ್ದವರನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಅಡಕತ್ತರಿಯ ಮುದುಕಿಯನ್ನು ಮಾತ್ರ ಕೇಳುತ್ತಾರೆ.

ಖಾಲಾಗೆ ಧೈರ್ಯ ಬರಲೆಂದು ಯಂತ್ರದ ವಿಷಯ ವಿವರಿಸಿದೆ. ಬಿ.ಎ. ಓದಿದವನಾದ ನನಗೆ ವಿಜ್ಞಾನ ಅಷ್ಟಕ್ಕಷ್ಟೇ. ನಮ್ಮ ಶಾಲೆಯ ವಿಜ್ಞಾನ ಮೇಷ್ಟ್ರನ್ನು ಕೇಳಿ ತಿಳಿದುಕೊಂಡೆ. ಚೌಕಟ್ಟಿನ ಎರಡು ಕಂಬಗಳೊಳಗೆ ತಂತಿಯ ಸುರುಳಿಗಳಿವೆ. ಅವು ಕಾಂತಕ್ಷೇತ್ರವನ್ನು ಹೊಮ್ಮಿಸುತ್ತವೆ. ಲೋಹ ನಡುವೆ ಹಾದರೆ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಸುರುಳಿ ಅದನ್ನು ಗುರುತಿಸಿ ಬೀಪ್ ಎನ್ನುತ್ತದೆ. ಯಾವ ಎತ್ತರದಲ್ಲಿ ಲೋಹವಿದೆಯೋ ಅಲ್ಲಿ ದೀಪ ಹತ್ತುವ ಚೌಕಟ್ಟುಗಳೂ ಇವೆ. ಅದಕ್ಕೆ ಬಟ್ಟೆ ಕಾಣಿಸುವುದಿಲ್ಲ, ದೇಹವೂ ಕಾಣಿಸುವುದಿಲ್ಲ. "ಅದರಲ್ಲಿ ಫೋಟೋ ಬರಲ್ವಾ?" ಎಂದು ಖಾಲಾ ಮೂರು ಸಲ ಕೇಳಿದರು. ಇಲ್ಲವೆಂದೆ. ಚೀಲ ಹೋಗುವ ಪೆಟ್ಟಿಗೆ ಮಾತ್ರ ಎಕ್ಸ್-ರೇ. ಅದರ ಪರದೆಯಲ್ಲಿ ಅನ್ನ, ಬಟ್ಟೆ, ಕಾಗದ ಕಿತ್ತಳೆ ಬಣ್ಣಕ್ಕೂ ಉಕ್ಕಿನ ವಸ್ತುಗಳು ನೀಲಿಗೂ ತಿರುಗುತ್ತವೆ. ಒಳಗಿನ ಊಟ ಕೆಡುವುದಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಮೊಣಕಾಲಿಗೆ ಲೋಹದ ಕೀಲು ಹಾಕಿಸಿಕೊಂಡವರು ಮೊದಲೇ ಹೇಳಬೇಕು. ವೈದ್ಯರ ಚೀಟಿ ಜೊತೆಗಿದ್ದರೆ ಮಾತು ಬೇಗ ಮುಗಿಯುತ್ತದೆ.

ಇನ್ನು ಹೆಣ್ಣುಮಕ್ಕಳ ಪ್ರಶ್ನೆ. ಬಂಧಿತಳಾದ ಹೆಂಗಸನ್ನೇ ಆದರೂ ಇನ್ನೊಬ್ಬ ಹೆಂಗಸು, ಮರ್ಯಾದೆಗೆ ಕುಂದು ಬಾರದಂತೆ ಶೋಧಿಸಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 51ನೇ ಕಲಮಿನಲ್ಲಿ ಇದಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 49ನೇ ಕಲಮಿನಲ್ಲೂ ಇದೆ. ಆರೋಪಿಗೆ ಸಿಗುವ ಮರ್ಯಾದೆ ಅರ್ಜಿ ಹಿಡಿದು ಬಂದ ತಾಯಿಗೆ ಸಿಗಬೇಡವೇ? ಹಾಗೆಯೇ ನಮ್ಮ ಸಹೋದರಿಯರೂ ತಿಳಿಯಬೇಕಾದದ್ದಿದೆ. ಗುರುತಿನ ಚೀಟಿಯ ಮುಖಕ್ಕೂ ಎದುರಿನ ಮುಖಕ್ಕೂ ತಾಳೆ ನೋಡುವುದು ಕಾವಲಿನವರ ಕೆಲಸ. ಮಹಿಳಾ ಸಿಬ್ಬಂದಿಯ ಮುಂದೆ ನಖಾಬ್ ಎತ್ತಲು ಧರ್ಮದಲ್ಲಿ ಯಾವ ಅಡ್ಡಿಯೂ ಇಲ್ಲ. ಅಲ್ಲಿ ಹಟ ಹಿಡಿದು ಜಗಳವಾಡುವುದು ಸರಿಯಲ್ಲ.

ನಾವು ಹೊರಟದ್ದು ಒಂದು ಬುಧವಾರ. ಅಡಕತ್ತರಿಯನ್ನು ಮನೆಯಲ್ಲೇ ಬಿಡಿಸಿದೆ. ದುಪಟ್ಟಾದ ಪಿನ್ನುಗಳನ್ನು ಮೊಮ್ಮಗಳು ಎಣಿಸಿ ಏಳರಿಂದ ಎರಡಕ್ಕೆ ಇಳಿಸಿದಳು. ಯಲಚೇನಹಳ್ಳಿ ಮೆಟ್ರೋ ನಿಲ್ದಾಣದಲ್ಲೇ ಮೊದಲ ತಪಾಸಣೆ. ಚೀಲ ಪೆಟ್ಟಿಗೆಯೊಳಗೆ ಹೋಯಿತು, ಖಾಲಾ ಪರದೆಯ ಮರೆಗೆ ಹೋಗಿ ಬಂದರು. "ಅಷ್ಟೇನಾ?" ಎಂದರು. ನನಗೂ ಆಗಲೇ ಹೊಳೆದದ್ದು, ದಿನವೂ ಸಾವಿರಾರು ಹೆಣ್ಣುಮಕ್ಕಳು ಇದನ್ನು ದಾಟಿಯೇ ಕೆಲಸಕ್ಕೆ ಹೋಗುತ್ತಾರೆಂದು. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿದೆವು.

ವಿಧಾನಸೌಧದ ಗೇಟಿನಲ್ಲಿ ಪಾಸಿಗಾಗಿ ಕಾದದ್ದೇ ಹೆಚ್ಚು. ಸಾರ್ವಜನಿಕರನ್ನು ಬಿಡುವ ಹೊತ್ತನ್ನು ಮೊದಲೇ ವಿಚಾರಿಸದೆ ಬೆಳಿಗ್ಗೆಯೇ ಹೋದದ್ದು ನನ್ನ ತಪ್ಪು. ಚೌಕಟ್ಟು ಬೀಪ್ ಎಂದಿತು. ನನ್ನ ಎದೆ ಧಸಕ್ಕೆಂದಿತು. ಮಹಿಳಾ ಪೊಲೀಸೊಬ್ಬರು, "ಅಮ್ಮಾ, ಹೀಗೆ ಬನ್ನಿ" ಎಂದು ಪಕ್ಕಕ್ಕೆ ಕರೆದರು. ಸುಣ್ಣದ ಡಬ್ಬಿ ಸೊಂಟದಲ್ಲಿತ್ತು! ಖಾಲಾ ಅದನ್ನು ತೆಗೆದು ತೋರಿಸಿ, ನಾನು ಹೇಳುವ ಮೊದಲೇ ತಾವಾಗಿ ನಖಾಬ್ ಎತ್ತಿ ಆಧಾರ್ ಚೀಟಿ ಮುಂದೆ ಹಿಡಿದರು. "ನನ್ನ ಅಜ್ಜಿಯೂ ಎಲೆ ಹಾಕ್ತಾರೆ" ಎಂದರು ಆ ಪೊಲೀಸ್. ಒಂದು ನಿಮಿಷವೂ ಆಗಲಿಲ್ಲ.

ಕಾರಿಡಾರಿನಲ್ಲಿ ಅರ್ಧ ಗಂಟೆ ಕಾದು ಅರ್ಜಿ ಕೊಟ್ಟೆವು, ಸ್ವೀಕೃತಿಯ ಮುದ್ರೆ ಬಿತ್ತು. ಆಸ್ಪತ್ರೆಯ ಇನ್ನೊಂದು ಕಾಗದ ಬೇಕೆಂದರು. "ಅದನ್ನ ನಾನೊಬ್ಬಳೇ ತಂದು ಕೊಡ್ತೀನಿ ಹಜ್ರತ್, ನಿಮ್ಮ ಕ್ಲಾಸು ಹಾಳು ಮಾಡಬೇಡಿ" ಎಂದರು ಖಾಲಾ. ಮುಂದಿನ ವಾರ ಒಬ್ಬರೇ ಹೋಗಿ ಕೊಟ್ಟೂ ಬಂದರು. ಅಂದು ಮಾತ್ರ ಮನೆ ತಲುಪುತ್ತಲೇ ಮೊದಲು ಕೇಳಿದ್ದು, ಅಡಕತ್ತರಿ ಎಲ್ಲಿ ಎಂದು.